ಸಸಾರಜನಕದ ಸ್ವರೂಪವನ್ನು ಕಂಡವರು: ಪ್ರೊ. ಜಿ. ಎನ್. ರಾಮಚಂದ್ರನ್

ಬೆಂಗಳೂರಿನ ಮಲ್ಲೇಶ್ವರಕ್ಕೂ ಯಶವಂತಪುರಕ್ಕೂ ನಡುವೆ, ದಟ್ಟವಾದ ಮರಗಳ ನೆರಳಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ನೆಲೆಗೊಂಡಿದೆ. ಊರ ಜನರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಜಮ್‌ಷೆಡ್‌ಜಿ ಟಾಟಾ ಅವರ ಧನವೂ ಮೈಸೂರಿನ ಅರಸರು ೧೯೦೭ರಲ್ಲಿ ನೀಡಿದ ೩೭೧ ಎಕರೆ ಭೂಮಿಯೂ ಕೂಡಿ ೧೯೦೯ರಲ್ಲಿ ರೂಪುಗೊಂಡ ವಿದ್ಯಾಕ್ಷೇತ್ರ ಅದು. ಕೊಟ್ಟವರು ಕೊಡುವಾಗ ಅದರ ಫಲವನ್ನು ಯಾರು ಉಣ್ಣುವರೆಂದು ಎಣಿಸಿರಲಿಲ್ಲ. ೧೯೪೨ರಲ್ಲಿ ಆ ಆವರಣವನ್ನು ವಿದ್ಯುತ್ ಎಂಜಿನಿಯರಿಂಗ್ ಕಲಿಯುವ ಉದ್ದೇಶದಿಂದ ಪ್ರವೇಶಿಸಿದ ಕೇರಳದ ಒಬ್ಬ ತರುಣನು ಮುಂದೆ ಸಸಾರಜನಕಗಳ, ಎಂದರೆ ಪ್ರೋಟೀನುಗಳ, ರೂಪವನ್ನು ಲೋಕಕ್ಕೆ ತಿಳಿಸಿಕೊಟ್ಟನು. ಅವರೇ ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್.

೧೯೨೨ನೆಯ ಇಸವಿ ಅಕ್ಟೋಬರ್ ೮ರಂದು ಎರ್ನಾಕುಲದಲ್ಲಿ ಅವರ ಜನನ. ತಂದೆ ನಾರಾಯಣ ಅಯ್ಯರ್ ಅವರು ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ತಾಯಿ ಲಕ್ಷ್ಮಿ ಅಮ್ಮಾಳ್. ಮನೆಯೇ ಗಣಿತದ ಮೊದಲ ಪಾಠಶಾಲೆಯಾಯಿತು. ತಂದೆ ಲೆಕ್ಕಗಳನ್ನು ಕೊಡುವುದು, ಮಗ ಬಿಡಿಸುವುದು, ಇದು ಆಟದಂತೆ ನಡೆಯುತ್ತಿತ್ತು. ಜೀವಶಾಸ್ತ್ರದ ಗಂಟನ್ನು ಈ ಮನುಷ್ಯ ಮುಂದೆ ರೇಖಾಗಣಿತದಿಂದ ಬಿಡಿಸಿದುದರ ಬೇರು ಇಲ್ಲಿಯೇ ಇದೆ. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಪದವಿಯನ್ನು ಪಡೆದು ಅವರು ಬೆಂಗಳೂರಿಗೆ ಬಂದರು.

ಆಗ ಸಂಸ್ಥೆಯ ಭೌತವಿಜ್ಞಾನ ವಿಭಾಗಕ್ಕೆ ಸರ್ ಸಿ. ವಿ. ರಾಮನ್ ಅವರು ಮುಖ್ಯಸ್ಥರು. ವಿದ್ಯುತ್ ವಿಭಾಗಕ್ಕೆ ಸೇರಿದ್ದ ಹುಡುಗನ ಮನಸ್ಸು ಭೌತವಿಜ್ಞಾನದ ಕಡೆಗೇ ಎಳೆಯುತ್ತಿತ್ತು. ರಾಮನ್ ಅವರ ಕಣ್ಣಿಗೆ ಆತ ಬಿದ್ದದ್ದೇ ತಡ, ಅವರು ಆ ವಿಭಾಗದವರೊಡನೆ ಮಾತಾಡಿ ಆತನನ್ನು ತಮ್ಮಲ್ಲಿಗೆ ಕರೆದುಕೊಂಡರು. ಗುರು ಶಿಷ್ಯನನ್ನು ಅರಸಿ ಪಡೆದ ಪ್ರಸಂಗವಿದು. ವಜ್ರವೇ ಮೊದಲಾದ ಸ್ಫಟಿಕಗಳನ್ನು ಬೆಳಕಿನಿಂದಲೂ ಕ್ಷ-ಕಿರಣದಿಂದಲೂ ಪರೀಕ್ಷಿಸುವ ವಿದ್ಯೆಯನ್ನು ರಾಮಚಂದ್ರನ್ ಅಲ್ಲಿ ಸಾಧಿಸಿದರು. ಮದರಾಸು ವಿಶ್ವವಿದ್ಯಾನಿಲಯವು ೧೯೪೭ರಲ್ಲಿ ಅವರಿಗೆ ಡಿ.ಎಸ್‌ಸಿ. ಪದವಿಯನ್ನಿತ್ತಿತು. ಅದೇ ವರ್ಷ ಕೇಂಬ್ರಿಜ್‌ಗೆ ತೆರಳಿ, ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ವೂಸ್ಟರ್ ಅವರ ಬಳಿ ಎರಡು ವರ್ಷ ದುಡಿದು ಪಿಎಚ್.ಡಿ. ಗಳಿಸಿದರು. ಅಣುಬಂಧಗಳ ಆಚಾರ್ಯರೆನಿಸಿದ ಲೈನಸ್ ಪಾಲಿಂಗ್ ಅವರ ಉಪನ್ಯಾಸವನ್ನು ಕೇಳಿದುದು ಅಲ್ಲಿಯೇ. ೧೯೪೯ರಲ್ಲಿ ಬೆಂಗಳೂರಿಗೆ ಹಿಂದಿರುಗಿ ಸಂಸ್ಥೆಯಲ್ಲಿ ಅಧ್ಯಾಪಕರಾದರು.

೧೯೫೨ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಕುಲಪತಿಗಳಾದ ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರು ಭೌತವಿಜ್ಞಾನದ ಪೀಠವನ್ನು ವಹಿಸಿಕೊಳ್ಳುವಂತೆ ರಾಮನ್ ಅವರನ್ನು ಕೋರಿದರು. ರಾಮನ್ ತಾವು ಒಪ್ಪದೆ ತಮ್ಮ ಶಿಷ್ಯನ ಹೆಸರನ್ನು ಸೂಚಿಸಿದರು. ಮೂವತ್ತು ವರ್ಷವೂ ತುಂಬದ ತರುಣನು ವಿಭಾಗದ ಮುಖ್ಯಸ್ಥನಾಗಿ ಬಂದನು. ಯಾವ ಸಮಸ್ಯೆಯನ್ನು ಹಿಡಿಯಬೇಕೆಂದು ಅವರು ಯೋಚಿಸುತ್ತಿದ್ದಾಗ ಇಂಗ್ಲೆಂಡಿನ ಜೆ. ಡಿ. ಬರ್ನಾಲ್ ಅವರು ಮದರಾಸಿಗೆ ಬಂದರು. ಮಾತಿನ ನಡುವೆ, ಕೊಲಾಜೆನ್ ಎಂಬ ಪ್ರೋಟೀನಿನ ರಚನೆಯನ್ನು ಇನ್ನೂ ಯಾರೂ ಸರಿಯಾಗಿ ಕಂಡಿಲ್ಲವೆಂದು ತಿಳಿಸಿದರು. ಅಷ್ಟು ಸಾಕಾಯಿತು.

ಕೊಲಾಜೆನ್ ಎಂಬ ಮಾತಿಗೆ ಗ್ರೀಕ್ ಭಾಷೆಯಲ್ಲಿ ಅಂಟನ್ನು ಹುಟ್ಟಿಸುವುದೆಂದು ಅರ್ಥ. ಚರ್ಮ ಎಲುಬುಗಳನ್ನು ಕುದಿಸಿ ವಜ್ರ ತೆಗೆಯುವವರು, ಎಂದರೆ ಮರಗೆಲಸದ ಅಂಟು ಮಾಡುವವರು, ಅದನ್ನು ಎಂದಿನಿಂದಲೋ ಬಲ್ಲರು. ಚರ್ಮ, ಎಲುಬು, ಸ್ನಾಯುರಜ್ಜು ಇವೆಲ್ಲಕ್ಕೂ ಬಿಗಿ ಕೊಡುವ ನಾರು ಅದು. ಮನುಷ್ಯದೇಹದಲ್ಲಿ ಬೇರೆ ಯಾವ ಪ್ರೋಟೀನೂ ಅಷ್ಟು ಹೇರಳವಾಗಿಲ್ಲ. ಮದರಾಸಿನಲ್ಲಿ ಆಗ ಕೇಂದ್ರ ಚರ್ಮ ಸಂಶೋಧನಾಲಯವಿದ್ದುದು ಒಂದು ಸುಯೋಗ. ಅಲ್ಲಿಂದ ದೊರೆತ ಕಾಂಗರೂ ಬಾಲದ ಸ್ನಾಯುರಜ್ಜುವಿನ ಮೇಲೆ ಕ್ಷ-ಕಿರಣವನ್ನು ಹಾಯಿಸಿ, ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಗೋಪೀನಾಥ ಕರ್ತಾ ಚಿತ್ರಗಳನ್ನು ಪಡೆದರು.

ಪ್ರೋಟೀನೆಂಬುದು ಅಮೈನೋ ಆಮ್ಲಗಳ ಸರಪಳಿ. ಇಪ್ಪತ್ತು ಬಗೆಯ ಆಮ್ಲಗಳು ವರ್ಣಮಾಲೆಯ ಅಕ್ಷರಗಳಂತೆ ಬೇರೆ ಬೇರೆ ಕ್ರಮದಲ್ಲಿ ಕೂಡಿ ಬೇರೆ ಬೇರೆ ಪ್ರೋಟೀನುಗಳಾಗುತ್ತವೆ. ಕೊಲಾಜೆನ್ನಿನಲ್ಲಿಯಾದರೋ ಗ್ಲೈಸಿನ್ ಎಂಬ ಅತ್ಯಂತ ಚಿಕ್ಕ ಆಮ್ಲವು ಒಟ್ಟಿನಲ್ಲಿ ಮೂರರಲ್ಲೊಂದು ಪಾಲು ಇರುವುದೆಂಬುದು ತಿಳಿದಿತ್ತು. ಏಕೆ ಹೀಗೆ? ಕನ್ನಡ ಪದ್ಯದ ಪ್ರತಿ ಪಾದದ ಎರಡನೆಯ ಅಕ್ಷರವು ಪ್ರಾಸಕ್ಕೆ ಕಟ್ಟುಬಿದ್ದಿರುವಂತೆ, ಈ ಸರಪಳಿಯ ಪ್ರತಿ ಮೂರನೆಯ ಸ್ಥಾನವು ಗ್ಲೈಸಿನ್ನಿಗೆ ಮೀಸಲಾಗಿರಬೇಕೆಂದು ರಾಮಚಂದ್ರನ್ ಊಹಿಸಿದರು. ಮೂರು ಸರಪಳಿಗಳು ಹಗ್ಗದ ಎಳೆಗಳಂತೆ ಒಂದನ್ನೊಂದು ಸುತ್ತಿ ನಿಂತಿವೆ. ಎಳೆಗಳು ಒಳಗೆ ಒತ್ತೊತ್ತಾಗಿ ಸೇರುವ ನಡುಭಾಗದಲ್ಲಿ ದೊಡ್ಡ ಆಮ್ಲಕ್ಕೆ ಎಡೆಯಿಲ್ಲ, ಗ್ಲೈಸಿನ್ ಒಂದೇ ಹಿಡಿಸುತ್ತದೆ. ಪ್ರಾಸವು ಪದ್ಯಕ್ಕೆ ಅಲಂಕಾರವಾದರೆ ಇಲ್ಲಿ ಅದೇ ಪ್ರಾಣ. ಒಂದು ಸ್ಥಾನದಲ್ಲಿ ಗ್ಲೈಸಿನ್ ತಪ್ಪಿ ಬೇರೊಂದು ಆಮ್ಲ ಕುಳಿತರೆ, ಎಲುಬುಗಳು ಗಾಜಿನಂತೆ ಮುರಿಯುವ ಜನ್ಮವ್ಯಾಧಿ ಬರಬಹುದೆಂಬುದು ಅನಂತರದ ಕಾಲದಲ್ಲಿ ಸಿದ್ಧವಾದ ಸಂಗತಿ.

ಈ ತ್ರಿಸೂತ್ರ ರಚನೆಯ ಮೊದಲ ರೂಪವನ್ನು ಅವರಿಬ್ಬರೂ ೧೯೫೪ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆದರೆ ಆ ರೂಪವು ಕ್ಷ-ಕಿರಣದ ಚಿತ್ರಗಳಿಗೆ ಪೂರ್ತಿಯಾಗಿ ಹೊಂದಲಿಲ್ಲ. ಮೂರು ಸುರುಳಿಗಳು ನೇರವಾಗಿ ನಿಂತಿರದೆ ತಾವೂ ಒಂದು ಸಮಾನ ಅಕ್ಷವನ್ನು ಸುತ್ತುತ್ತಿರಬೇಕೆಂಬ ತಿದ್ದುಪಡಿ ಮುಂದಿನ ವರ್ಷ ಬಂದಿತು. ಭೂಮಿಯನ್ನು ಸುತ್ತುವ ಚಂದ್ರನು ತಾನೂ ತಿರುಗುತ್ತ ಸದಾ ಒಂದೇ ಮುಖವನ್ನು ನಮ್ಮತ್ತ ತೋರುವ ಬಗೆಯು ಅವರಿಗೆ ಈ ಹೊಳಹನ್ನು ಕೊಟ್ಟಿತೆಂದು ಹೇಳುವುದುಂಟು. ಸುರುಳಿಯೊಳಗೆ ಸುರುಳಿಯಾದ ಆ ರೂಪವು ೧೯೫೫ರಲ್ಲಿ ಅದೇ ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು.

ಅಷ್ಟರಲ್ಲಿ ವಿವಾದ ತಲೆಯೆತ್ತಿತು. ಕೇಂಬ್ರಿಜ್‌ನಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಅವರು ಇದೇ ಸಮಸ್ಯೆಯಲ್ಲಿ ತೊಡಗಿದ್ದರು. ಎರಡು ವರ್ಷಗಳ ಹಿಂದೆ ಡಿಎನ್‌ಎ ರಚನೆಯನ್ನು ಕಂಡು ಲೋಕಪ್ರಸಿದ್ಧರಾಗಿದ್ದ ಕ್ರಿಕ್ ಅವರ ಮಾತಿಗೆ ಇದ್ದ ತೂಕ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಸುರುಳಿಯ ಸುರುಳಿಯೆಂಬ ಮೂಲಕಲ್ಪನೆಯನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಮದರಾಸಿನ ರಚನೆಯಲ್ಲಿ ಕೆಲವು ಪರಮಾಣುಗಳು ಇರಬೇಕಾದುದಕ್ಕಿಂತ ಹತ್ತಿರಕ್ಕೆ ಬಂದಿವೆಯೆಂದೂ, ಪ್ರತಿ ಮೂರು ಆಮ್ಲಗಳಿಗೆ ಎರಡು ಜಲಜನಕ ಬಂಧಗಳು ಸಲ್ಲವೆಂದೂ, ಒಂದೇ ಸಲ್ಲುವುದೆಂದೂ ಆಕ್ಷೇಪಿಸಿದರು. ೧೯೯೪ರಲ್ಲಿ ಕೊಲಾಜೆನ್ನಿನಂಥ ಪುಟ್ಟ ಅಣುವೊಂದರ ಸ್ಫಟಿಕವನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಾಗ ನೇರವಾದ ಬಂಧ ಒಂದೇ ಎಂಬುದು ಕಂಡುಬಂತು. ಜೊತೆಗೆ ನೀರಿನ ಅಣುಗಳು ನಡುವೆ ನಿಂತು ಎಳೆಗಳನ್ನು ಬೆಸೆದಿರುವುದೂ ಕಂಡಿತು. ನೀರಿನ ಮೂಲಕ ಎರಡನೆಯ ಬಂಧವಿರಬಹುದೆಂದು ರಾಮಚಂದ್ರನ್ ೧೯೬೮ರಷ್ಟು ಹಿಂದೆಯೇ ಸೂಚಿಸಿದ್ದರು. ಈ ವಾದದಲ್ಲಿ ಎರಡು ಪಕ್ಷಗಳಿಗೂ ಭಾಗಶಃ ಜಯವೆನ್ನುವುದೇ ನ್ಯಾಯ. ಮೊದಲು ಹಾದಿ ತೋರಿದವರು ಯಾರೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಆಕ್ಷೇಪಕ್ಕೆ ಉತ್ತರ ಕೊಡುವ ಎರಡು ಮಾರ್ಗಗಳುಂಟು. ಒಂದು ಜಗಳ. ರಾಮಚಂದ್ರನ್ ಹಿಡಿದದ್ದು ಇನ್ನೊಂದನ್ನು. ಪರಮಾಣುಗಳು ಎಷ್ಟು ಹತ್ತಿರ ಬರಬಹುದು, ಎಷ್ಟು ಬರಬಾರದು ಎಂಬ ಮೂಲಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಅಲ್ಲಿಯವರೆಗೆ ರಚನೆ ತಿಳಿದಿದ್ದ ಚಿಕ್ಕ ಸ್ಫಟಿಕಗಳ ವಿವರಗಳನ್ನು ಕಲೆಹಾಕಿ, ಇಂಗಾಲ, ಸಾರಜನಕ, ಆಮ್ಲಜನಕ, ಜಲಜನಕ ಇವುಗಳ ಜೋಡಿ ಜೋಡಿಗೂ ಕನಿಷ್ಠ ದೂರವನ್ನು ನಿಶ್ಚಯಿಸಿದರು. ಪ್ರೋಟೀನು ಸರಪಳಿಯಲ್ಲಿ ಕೊಂಡಿಗಳು ಚಪ್ಪಟೆಯಾದ ಹಲಗೆಗಳಂತೆ ಗಟ್ಟಿ. ಎರಡು ಹಲಗೆಗಳು ಸೇರುವ ಇಂಗಾಲದ ಪರಮಾಣುವಿನ ಎರಡು ಬದಿಗಳಲ್ಲಿ ಮಾತ್ರ ತಿರುಗಲು ಅವಕಾಶ. ಆ ಎರಡು ತಿರುವುಗಳಿಗೆ ಫೈ ಮತ್ತು ಸೈ ಎಂಬ ಗ್ರೀಕ್ ಅಕ್ಷರಗಳ ಹೆಸರು. ಹಾಗಾದರೆ ಸರಪಳಿಯ ಸಮಗ್ರ ಭಂಗಿಯನ್ನು ಎರಡೆರಡು ಕೋನಗಳಿಂದ ಹೇಳಿಬಿಡಬಹುದು! ಒಂದು ಕೋನವನ್ನು ಅಡ್ಡಕ್ಕೂ ಇನ್ನೊಂದನ್ನು ಉದ್ದಕ್ಕೂ ಇಟ್ಟು ನಕ್ಷೆ ಬರೆದು, ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಕೋನಗಳನ್ನೆಲ್ಲ ಹೊಡೆದುಹಾಕುತ್ತ ಬಂದರೆ ಉಳಿಯುವ ನೆಲ ಅತ್ಯಲ್ಪ, ಕಾಲು ಪಾಲಿಗಿಂತಲೂ ಕಡಿಮೆ. ಛಂದಸ್ಸಿನಲ್ಲಿ ಗುರುಲಘುಗಳನ್ನು ಎಷ್ಟು ವಿಧದಲ್ಲಾದರೂ ಜೋಡಿಸಬಹುದು. ಆದರೆ ವೃತ್ತವಾಗಿ ನಿಲ್ಲುವುವು ಕೆಲವೇ. ಆ ಕೆಲವು ದ್ವೀಪಗಳಲ್ಲಿಯೇ ಪಾಲಿಂಗ್ ಅವರು ಹೇಳಿದ್ದ ಆಲ್ಫಾ ಸುರುಳಿಯೂ ಬೀಟಾ ಹಾಳೆಯೂ ಕೊಲಾಜೆನ್ನಿನ ಹುರಿಯೂ ಬಂದು ಕುಳಿತವು.

ಈಗಿನಂತೆ ಗಣಕಯಂತ್ರಗಳಿಲ್ಲದ ಕಾಲ. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಎಂಬ ಇಬ್ಬರು ಶಿಷ್ಯರು ಮೇಜಿನ ಮೇಲಿನ ಎಣಿಕೆಯಂತ್ರದಲ್ಲಿ ಈ ಲೆಕ್ಕಗಳನ್ನು ಗುಣಿಸಿ ತೆಗೆದರು. ಮೂವರ ಹೆಸರಿನ ಲೇಖನ ೧೯೬೩ರಲ್ಲಿ ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿಯಲ್ಲಿ ಪ್ರಕಟವಾಯಿತು, ಐದೇ ಪುಟ. ಅದೇ ಇಂದು ಜೀವರಸಾಯನದ ಪ್ರತಿಯೊಂದು ಪಠ್ಯಪುಸ್ತಕದಲ್ಲಿ ಕಾಣುವ ರಾಮಚಂದ್ರನ್ ನಕ್ಷೆ. ಪ್ರಪಂಚದ ಯಾವ ಮೂಲೆಯಲ್ಲಿ ಯಾರೇ ಪ್ರೋಟೀನೊಂದರ ರಚನೆಯನ್ನು ಕಂಡೆನೆಂದರೂ ಮೊದಲು ಆ ನಕ್ಷೆಯ ಮೇಲೆ ಇಟ್ಟು ನೋಡುತ್ತಾರೆ. ನಿಷಿದ್ಧ ಸ್ಥಳಗಳಲ್ಲಿ ಚುಕ್ಕೆಗಳು ಹೆಚ್ಚಾಗಿ ಬಿದ್ದರೆ ಕೆಲಸ ತಪ್ಪಿದೆಯೆಂದೇ ಲೆಕ್ಕ. ಇಂಥ ಪರೀಕ್ಷೆಗೊಳಗಾದ ರಚನೆಗಳು ಈಗ ಜಗತ್ತಿನ ಭಂಡಾರದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿವೆ. ಅಕ್ಕಸಾಲಿಗನಿಗೆ ಒರೆಗಲ್ಲು ಹೇಗೋ ಹಾಗೆ.

ಪ್ರೋಟೀನಿನ ರೂಪವನ್ನು ತಿಳಿದು ಆಗಬೇಕಾದುದೇನೆಂದು ಕೇಳುವವರಿಗೆ ಏಡಿಗಂತಿಯ, ಎಂದರೆ ಕ್ಯಾನ್ಸರಿನ, ಚರಿತ್ರೆಯೊಂದನ್ನು ಹೇಳಬೇಕು. ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್ ಅವರು ೧೮೪೭ರಲ್ಲಿ, ಎಲುಬುಗಳು ಮೆತ್ತಗಾಗಿ ನರಳುತ್ತಿದ್ದ ರೋಗಿಯೊಬ್ಬನ ಮೂತ್ರದಲ್ಲಿ ವಿಚಿತ್ರವಾದ ಪ್ರೋಟೀನೊಂದನ್ನು ಗುರುತಿಸಿದರು. ಬಿಸಿಮಾಡಿದರೆ ಹೆಪ್ಪುಗಟ್ಟಿ, ಕುದಿಸಿದರೆ ಕರಗಿ, ಆರಿದರೆ ಮತ್ತೆ ತೋರುವಂಥದು. ಎಲುಬಿನ ಮಜ್ಜೆಯ ಕ್ಯಾನ್ಸರಿಗೆ ಅದು ಗುರುತೆಂಬುದು ಅನಂತರ ತಿಳಿಯಿತು. ಒಳಗಿನ ಗಡ್ಡೆಯನ್ನು ಹೊರಗಿನ ಪ್ರೋಟೀನಿನಿಂದ ಅರಿಯುವ ವಿದ್ಯೆಗೆ ಅದೇ ಮೊದಲು. ೧೯೬೩ರಲ್ಲಿ, ಎಂದರೆ ರಾಮಚಂದ್ರನ್ ನಕ್ಷೆ ಪ್ರಕಟವಾದ ವರ್ಷದಲ್ಲಿಯೇ, ರಷ್ಯದ ಅಬೆಲೆವ್ ಅವರು ಪಿತ್ತಜನಕಾಂಗದ ಗಡ್ಡೆಯಿರುವ ಇಲಿಗಳ ರಕ್ತದಲ್ಲಿ ಆಲ್ಫಾ ಫೀಟೋಪ್ರೋಟೀನನ್ನು ಕಂಡರು. ೧೯೬೫ರಲ್ಲಿ ಕೆನಡದ ಗೋಲ್ಡ್ ಮತ್ತು ಫ್ರೀಡ್‌ಮನ್ ದೊಡ್ಡಕರುಳಿನ ಕ್ಯಾನ್ಸರಿಗೆ ಸಂಬಂಧಿಸಿದ ಸಿ.ಇ.ಎ. ಎಂಬುದನ್ನು ಕಂಡರು. ಪ್ರಾಸ್ಟೇಟ್ ಗ್ರಂಥಿಯ ಪಿ.ಎಸ್.ಎ. ಮುಂತಾದುವು ಆಮೇಲಿನವು. ಪ್ರತಿಕಾಯವೆಂಬ ಇನ್ನೊಂದು ಪ್ರೋಟೀನು ಬೀಗಕ್ಕೆ ಬೀಗದ ಕೈಯಂತೆ ಬಂದು ಹೊಂದಿಕೊಳ್ಳುವುದರಿಂದ ಇವುಗಳ ಪರೀಕ್ಷೆ ನಡೆಯುತ್ತದೆ. ಹೊಂದಿಕೊಳ್ಳುವುದು ರೂಪಕ್ಕೆ ರೂಪ. ಆದ್ದರಿಂದಲೇ ರೂಪಜ್ಞಾನಕ್ಕೆ ಬೆಲೆ.

ಧೂಮದಿಂದ ಅಗ್ನಿಯನ್ನು ಅನುಮಾನಿಸುವ ತರ್ಕವೇ ಇದು. ಆದರೆ ಹೇತುವು ವ್ಯಭಿಚರಿಸುವುದುಂಟೆಂದು ನೈಯಾಯಿಕರು ಎಚ್ಚರಿಸಿರುವುದು ಇಲ್ಲಿಯೂ ಸಲ್ಲುತ್ತದೆ. ವಯಸ್ಸಿನಿಂದ ಗ್ರಂಥಿ ಊದಿಕೊಂಡರೂ ಪಿ.ಎಸ್.ಎ. ಏರುತ್ತದೆ, ಹೊಗೆಬತ್ತಿ ಸೇದುವವರಲ್ಲಿ ಕ್ಯಾನ್ಸರಿಲ್ಲದೆಯೂ ಸಿ.ಇ.ಎ. ಹೆಚ್ಚಿರಬಹುದು; ಗಡ್ಡೆಯಿದ್ದೂ ಗುರುತು ಕಾಣದಿರಬಹುದು. ಆದುದರಿಂದ ಒಂದೇ ರಕ್ತಪರೀಕ್ಷೆಯ ಮೇಲೆ ರೋಗವನ್ನು ನಿಶ್ಚಯಿಸದೆ, ಗಡ್ಡೆಯ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ವೈದ್ಯರು ನಿರ್ಣಯಿಸುತ್ತಾರೆ. ಈ ಗುರುತುಗಳ ಹೆಚ್ಚಿನ ಪ್ರಯೋಜನವು ಆಯುರ್ವೇದವು ಸಾಧ್ಯಾಸಾಧ್ಯ ವಿಚಾರವೆಂದು ಕರೆದ ವಿಷಯದಲ್ಲಿದೆ: ಚಿಕಿತ್ಸೆ ನಾಟಿತೋ ಇಲ್ಲವೋ, ರೋಗ ಮರುಕಳಿಸಿತೋ, ಮುಂದಿನ ಗತಿಯೇನು ಎಂಬುದನ್ನು ಅವು ತಿಳಿಸುತ್ತವೆ. ರಾಮಚಂದ್ರನ್ ಅವರ ಕೊಲಾಜೆನ್ನೂ ಈ ಸಾಲಿಗೆ ಸೇರಿರುವುದು ಸ್ವಾರಸ್ಯ. ಕ್ಯಾನ್ಸರು ಎಲುಬಿಗೆ ಹರಡಿ ಅದನ್ನು ತಿನ್ನತೊಡಗಿದಾಗ ಕೊಲಾಜೆನ್ನಿನ ತುಂಡುಗಳು ರಕ್ತಕ್ಕೂ ಮೂತ್ರಕ್ಕೂ ಇಳಿಯುತ್ತವೆ; ಅವನ್ನು ಅಳೆಯುವ ಪರೀಕ್ಷೆಗಳಿವೆ. ಸ್ತನದ ಗಡ್ಡೆಯ ಅಂಚಿನಲ್ಲಿ ಕೊಲಾಜೆನ್ ನಾರುಗಳು ಗಡ್ಡೆಗೆ ಲಂಬವಾಗಿ ನಿಂತಿದ್ದರೆ ರೋಗದ ಗತಿ ಕೆಡುಕಿನದೆಂದು ೨೦೧೧ರ ಸಂಶೋಧನೆಯೊಂದು ತೋರಿಸಿತು.

ಗೋಪೀನಾಥ ಕರ್ತಾ ಅವರ ಮಾತೊಂದು ಉಳಿಯಿತು. ಅವರು ಅಮೆರಿಕಕ್ಕೆ ಹೋಗಿ, ಬಫೆಲೊ ನಗರದ ರಾಸ್‌ವೆಲ್ ಪಾರ್ಕ್ ಎಂಬ ಪ್ರಸಿದ್ಧ ಕ್ಯಾನ್ಸರ್ ಸಂಸ್ಥೆಯಲ್ಲಿ ಡೇವಿಡ್ ಹಾರ್ಕರ್ ಮೊದಲಾದವರೊಂದಿಗೆ ದುಡಿದು, ೧೯೬೭ರಲ್ಲಿ ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನಿನ ರಚನೆಯನ್ನು ಬಿಡಿಸಿದರು. ಮದರಾಸಿನ ವಿದ್ಯೆ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಫಲ ಕೊಟ್ಟದ್ದು ಹೀಗೆ.

ಕುಲಪತಿಗಳಾಗಿದ್ದ ಮುದಲಿಯಾರ್ ಅವರ ಆಡಳಿತ ಮುಗಿದ ಬಳಿಕ ಮದರಾಸಿನ ವಾತಾವರಣ ರಾಮಚಂದ್ರನ್ ಅವರಿಗೆ ಹಿಡಿಸಲಿಲ್ಲ. ೧೯೭೦ರಲ್ಲಿ ಅದನ್ನು ಬಿಟ್ಟು, ಷಿಕಾಗೋದಲ್ಲಿ ಕೆಲಕಾಲವಿದ್ದು, ನಿರ್ದೇಶಕ ಸತೀಶ್ ಧವನ್ ಅವರ ಆಹ್ವಾನದಂತೆ ೧೯೭೧ರಲ್ಲಿ ಬೆಂಗಳೂರಿಗೆ ಮರಳಿದರು. ಗುರುಗಳಾದ ರಾಮನ್ ಅವರು ಹಿಂದಿನ ನವೆಂಬರಿನಲ್ಲಿಯೇ ಹೆಬ್ಬಾಳದ ದಾರಿಯಲ್ಲಿರುವ ತಮ್ಮ ಸಂಶೋಧನಾಲಯದಲ್ಲಿ ದೇಹಬಿಟ್ಟಿದ್ದರು. ತಾವು ವಿದ್ಯಾರ್ಥಿಯಾಗಿ ಬಂದ ಆವರಣದಲ್ಲಿ ರಾಮಚಂದ್ರನ್ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಎಂಬ ಹೊಸ ವಿಭಾಗವನ್ನು ಕಟ್ಟಿದರು. ಶಶಿಶೇಖರನ್, ರಾಮಕೃಷ್ಣನ್ ಅವರೂ ಜೊತೆಗೂಡಿದರು. ಎಂ. ವಿಜಯನ್ ಅವರು ಅಲ್ಲಿಯೇ ಪ್ರೋಟೀನು ಸ್ಫಟಿಕವಿಜ್ಞಾನವನ್ನು ಬೆಳೆಸಿದರು. ಅವರೂ ಸುರೋಲಿಯ ಅವರೂ ಸೇರಿ ೧೯೯೪ರಲ್ಲಿ ಪ್ರಕಟಿಸಿದ ರಚನೆಯೊಂದನ್ನು ಬೆಂಗಳೂರಿನವರು ನೆನೆಯುವುದು ಯುಕ್ತ, ಏಕೆಂದರೆ ಅದು ಕಡಲೆಕಾಯಿಯದು. ಕಡಲೆಕಾಯಿ ಬೀಜದಲ್ಲಿ ಲೆಕ್ಟಿನ್ ಎಂಬ ಪ್ರೋಟೀನೊಂದಿದೆ. ಆರೋಗ್ಯವಾದ ಜೀವಕೋಶಗಳಲ್ಲಿ ಸಾಮಾನ್ಯವಾಗಿ ಮರೆಯಾಗಿದ್ದು ಕ್ಯಾನ್ಸರ್ ಕೋಶಗಳ ಮೈಮೇಲೆ ಬಯಲಾಗುವ ಟಿ ಎಂಬ ಸಕ್ಕರೆಯ ಗುರುತನ್ನು ಅದು ಹುಡುಕಿ ಹಿಡಿಯುತ್ತದೆ. ಬಸವನಗುಡಿಯ ಪರಿಷೆಯಲ್ಲಿ ರಾಶಿ ಬೀಳುವ ಕಾಯಿಯೊಳಗೆ ಇಂಥದೊಂದು ಪರೀಕ್ಷಕನಿದ್ದಾನೆಂದು ಯಾರು ಬಲ್ಲರು!

೧೯೭೧ರಲ್ಲಿಯೇ ರಾಮಚಂದ್ರನ್ ಇನ್ನೊಂದು ಕೆಲಸವನ್ನು ಲೋಕಕ್ಕೊಪ್ಪಿಸಿದರು. ಒಂದು ವಸ್ತುವಿನ ನೆರಳುಗಳನ್ನು ಹಲವು ದಿಕ್ಕುಗಳಿಂದ ಹಿಡಿದರೆ, ಆ ನೆರಳುಗಳಿಂದಲೇ ಒಳಗಿನ ರೂಪವನ್ನು ಮತ್ತೆ ಕಟ್ಟಬಹುದೆಂಬ ಗಣಿತವು ೧೯೧೭ರಿಂದ ಇತ್ತು. ಕಟ್ಟುವ ಲೆಕ್ಕ ಮಾತ್ರ ಬಹು ದೀರ್ಘ. ಪ್ರತಿ ನೆರಳನ್ನೂ ಮೊದಲು ಒಂದು ಸರಳ ಲೆಕ್ಕದಿಂದ ತಿದ್ದಿ, ಆಮೇಲೆ ಹಿಂದಕ್ಕೆ ಹರಡಿ ಕೂಡಿಸಿದರೆ ಮಸುಕಿಲ್ಲದ ಚಿತ್ರ ಶೀಘ್ರವಾಗಿ ಬರುವುದೆಂದು ಅವರು ಎ. ವಿ. ಲಕ್ಷ್ಮೀನಾರಾಯಣನ್ ಅವರೊಂದಿಗೆ ತೋರಿಸಿದರು. ರೇಡಿಯೋ ಖಗೋಳಶಾಸ್ತ್ರದಲ್ಲಿ ಬ್ರೇಸ್‌ವೆಲ್ ಅವರೂ ಇಂಥ ಮಾರ್ಗವನ್ನು ೧೯೬೭ರಲ್ಲಿ ಹೇಳಿದ್ದರು. ಅದೇ ೧೯೭೧ರ ಅಕ್ಟೋಬರಿನಲ್ಲಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರವು ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳಿನ ಗಡ್ಡೆಯನ್ನು ತೋರಿಸಿತು. ಅವರ ಲೆಕ್ಕದ ಕ್ರಮ ಬೇರೆಯಾಗಿತ್ತು. ಆದರೆ ಮುಂದೆ ದಶಕಗಳ ಕಾಲ ಸಿ.ಟಿ. ಯಂತ್ರಗಳು ನಡೆದದ್ದು ಈ ಶೋಧಿತ ಮಾರ್ಗದಿಂದ. ಅದರ ಸೂತ್ರವನ್ನು ಎಂಜಿನಿಯರುಗಳು ರಾಮ್-ಲಕ್ ಎಂದು ಕರೆಯುತ್ತಾರೆ. ೧೯೭೯ರ ನೊಬೆಲ್ ಪಾರಿತೋಷಕವು ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ಸಂದಿತು. ರಾಮಚಂದ್ರನ್ ಅವರಿಗೆ ಅದು ಯಾವ ಕೆಲಸಕ್ಕೂ ಬರಲಿಲ್ಲ. ೧೯೭೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು.

ಅವರ ಬದುಕು ಸುಖಮಯವಾಗಿರಲಿಲ್ಲ. ಮನಸ್ಸಿನ ಕುಗ್ಗುವಿಕೆ ಅವರನ್ನು ಮತ್ತೆ ಮತ್ತೆ ಕಾಡುತ್ತಿತ್ತು. ೧೯೪೫ರಲ್ಲಿ ಕೈಹಿಡಿದ ಪತ್ನಿ ರಾಜಲಕ್ಷ್ಮಿಯವರು ಅವರ ಆರೋಗ್ಯವನ್ನೂ ಮನೆಯನ್ನೂ ಏಕಪ್ರಕಾರವಾಗಿ ಕಾಯ್ದರು. ಮಗ ರಮೇಶ್ ನಾರಾಯಣ್ ಖಭೌತವಿಜ್ಞಾನಿಗಳಾಗಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಹೆಸರು ಗಳಿಸಿದರು. ೧೯೭೮ರಲ್ಲಿ ವಿಭಾಗದ ಹೊಣೆಯನ್ನು ಬಿಟ್ಟ ರಾಮಚಂದ್ರನ್, ಅದೇ ಸಂಸ್ಥೆಯಲ್ಲಿ ೧೯೮೯ರವರೆಗೆ ಗಣಿತ ತತ್ತ್ವದ ಪ್ರಾಧ್ಯಾಪಕರಾಗಿದ್ದರು. ಆಗ ಅವರ ಮನಸ್ಸು ತರ್ಕಶಾಸ್ತ್ರದ ಕಡೆಗೆ ಹರಿಯಿತು. ಜೈನರ ಸ್ಯಾದ್ವಾದದಲ್ಲಿ ಬರುವ, ಉಂಟು, ಇಲ್ಲ, ಹೇಳಲಾಗದು ಎಂಬ ಭಂಗಗಳನ್ನು ಬೂಲನ ಬೀಜಗಣಿತಕ್ಕೆ ಹೊಂದಿಸಿ, ಸ್ಯಾದ್ ನ್ಯಾಯವೆಂಬ ಹೆಸರಿನಲ್ಲಿ ಲೇಖನಗಳನ್ನು ಬರೆದರು. ವಿಜ್ಞಾನಿಗಳು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಪಂಡಿತರಿಗೆ ಅದರ ಗಣಿತ ಎಟುಕಲಿಲ್ಲ. ಎರಡೂ ಕಡೆಯವರು ಕೂಡಿ ಓದಬೇಕಾದ ಬರಹಗಳವು.

ಪಾರ್ಕಿನ್ಸನ್ ವ್ಯಾಧಿಯು ಕೊನೆಯ ವರ್ಷಗಳಲ್ಲಿ ಅವರ ಶರೀರವನ್ನು ಹಿಡಿಯಿತು. ೧೯೯೮ರಲ್ಲಿ ಪತ್ನಿ ತೀರಿಕೊಂಡ ಬಳಿಕ ಅವರು ಚೇತರಿಸಿಕೊಳ್ಳಲಿಲ್ಲ. ಸ್ಫಟಿಕವಿಜ್ಞಾನದ ಪರಮಪುರಸ್ಕಾರವಾದ ಎವಾಲ್ಡ್ ಪಾರಿತೋಷಕವು ೧೯೯೯ರಲ್ಲಿ ಅವರಿಗೆ ಸಂದಿತು. ೨೦೦೧ನೆಯ ಇಸವಿ ಏಪ್ರಿಲ್ ೭ರಂದು ಚೆನ್ನೈಯಲ್ಲಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಯಶವಂತಪುರದ ಬದಿಯ ಆವರಣದಲ್ಲಿ ಅವರು ಕಟ್ಟಿದ ವಿಭಾಗವು ಪ್ರೋಟೀನುಗಳ ಅಧ್ಯಯನವನ್ನು ನಡೆಸಿಕೊಂಡು ಬಂದಿದೆ.